ಗೆಲಕ್ಸಿಯ ಗರ್ಭವೂ ಕಲಾ ವಿದ್ಯಾರ್ಥಿಯೂ

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಗೆ ಬರೆಯಲು ಹೊರಟವನು ಪಂಪನನ್ನೋ, ವಚನಕಾರರನ್ನೋ, ವಿಜಯನಗರದ ಪತನವನ್ನೋ ಎತ್ತಿಕೊಳ್ಳಬೇಕೆಂಬುದು ಒಂದು ರೂಢಿ. ರೂಢಿ ಒಳ್ಳೆಯದೇ. ಆದರೂ ಈ ಸಲ ನಾನು ಅದನ್ನು ಬಿಟ್ಟು ಸ್ವಲ್ಪ ದೂರ ಹೋಗಬೇಕೆಂದಿದ್ದೇನೆ. ಸುರುಳಿ ಗೆಲಕ್ಸಿಗಳ ನಡುಭಾಗದಲ್ಲಿ ಅನಿಲವು ಏನು ಮಾಡುತ್ತಿದೆ, ಅಲ್ಲಿ ನಕ್ಷತ್ರಗಳು ಹೇಗೆ ಹುಟ್ಟುತ್ತಿವೆ ಎಂಬುದೇ ನನ್ನ ವಿಷಯ. “ಇತಿಹಾಸ ಓದುವವನಿಗೆ ಇದೇಕೆ?” ಎಂದು ಮಿತ್ರರು ಕೇಳುವರೆಂದು ಬಲ್ಲೆ. ಆ ಪ್ರಶ್ನೆಗೆ ಉತ್ತರ ಕೊಡುವುದಕ್ಕಾಗಿಯೇ ಈ ಲೇಖನ. ಇಂತಹ ತಿಳಿವಳಿಕೆಯನ್ನು ನಾವಾಗಿ ನಾವೇ ಪಕ್ಕದ ವಿಜ್ಞಾನ ಕಾಲೇಜಿಗೆ ಬರೆದುಕೊಟ್ಟು ಕೈತೊಳೆದುಕೊಂಡಿರುವುದು ತಪ್ಪು, ಅದರಿಂದ ಬಡವಾಗುವವರು ನಾವೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ವಿಷಯವನ್ನು ಹೇಳಿ ಆಮೇಲೆ ವಾದಕ್ಕೆ ಬರುತ್ತೇನೆ.

ಕಾರ್ತಿಕ, ಮಾರ್ಗಶಿರ ಮಾಸಗಳ ಕತ್ತಲೆಯ ರಾತ್ರಿಗಳಲ್ಲಿ, ಊರಿನ ದೀಪಗಳಿಂದ ದೂರ ನಿಂತು ನೋಡಿದರೆ, ದೇವಯಾನಿ ನಕ್ಷತ್ರಪುಂಜದಲ್ಲಿ ಒಂದು ಮಸುಕಾದ ಬೆಳಕಿನ ಚುಕ್ಕೆ ಬರಿಗಣ್ಣಿಗೇ ಕಾಣುತ್ತದೆ. ಅದು ನಕ್ಷತ್ರವಲ್ಲ. ಸುಮಾರು ೨೫ ಲಕ್ಷ ಜ್ಯೋತಿರ್ವರ್ಷಗಳಾಚೆಯ ಒಂದು ಗೆಲಕ್ಸಿ, ಅಂದರೆ ಕೋಟಿಕೋಟಿ ನಕ್ಷತ್ರಗಳು ಕೂಡಿ ಬಾಳುವ ಒಂದು ಮಹಾನಗರ. ಅದು ನಮ್ಮ ಆಕಾಶಗಂಗೆಯ ಹೊರಗಿನದೆಂಬುದು ಎಡ್ವಿನ್ ಹಬಲ್‌ನಿಂದ ೧೯೨೦ರ ದಶಕದಲ್ಲಿ ಸ್ಥಿರಪಟ್ಟಿತು. ಇಂತಹ ಗೆಲಕ್ಸಿಗಳಲ್ಲಿ ಅನೇಕವು ಸುರುಳಿಯಾಕಾರದವು: ನಡುವೆ ಉಬ್ಬಿದ ಗರ್ಭ, ಸುತ್ತ ಚಪ್ಪಟೆಯಾದ ತಟ್ಟೆ, ತಟ್ಟೆಯಲ್ಲಿ ರಂಗೋಲಿಯ ಎಳೆಗಳಂತೆ ಬಳಸಿಕೊಂಡ ತೋಳುಗಳು. ನಾವಿರುವ ಆಕಾಶಗಂಗೆಯೂ ಇದೇ ಜಾತಿಯದು.

ಈ ಗರ್ಭದಲ್ಲಿ ಏನಿದೆ? ೧೯೪೪ರಲ್ಲಿ ವಾಲ್ಟರ್ ಬಾಡೆ ಎಂಬ ಜರ್ಮನ್ ಖಗೋಳಜ್ಞ ಇದಕ್ಕೊಂದು ಉತ್ತರ ಕೊಟ್ಟನು. ಆತ ಆಗ ಅಮೆರಿಕೆಯ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿದ್ದನು. ಯುದ್ಧಕಾಲ; ಜರ್ಮನಿಯ ಪ್ರಜೆಯಾದ್ದರಿಂದ ಅವನನ್ನು ಯುದ್ಧದ ಕೆಲಸಕ್ಕೆ ಸೇರಿಸಿಕೊಳ್ಳುವಂತಿರಲಿಲ್ಲ. ಕೆಳಗಿನ ಲಾಸ್ ಏಂಜಲೀಸ್ ನಗರದಲ್ಲಿ ದೀಪಗಳನ್ನು ಆರಿಸಿದ್ದರು. ಆ ಕತ್ತಲೆಯ ಲಾಭ ಪಡೆದು ೧೦೦ ಅಂಗುಲದ ದೂರದರ್ಶಕದಿಂದ ಅವನು ದೇವಯಾನಿ ಗೆಲಕ್ಸಿಯ ಗರ್ಭದ ನಕ್ಷತ್ರಗಳನ್ನು ಒಂದೊಂದಾಗಿ ಬಿಡಿಸಿ ನೋಡಿದನು. ತೋಳುಗಳಲ್ಲಿ ನೀಲಿಯ, ಎಳೆಯ ನಕ್ಷತ್ರಗಳು. ಗರ್ಭದಲ್ಲಿ ಕೆಂಪಾದ, ವಯಸ್ಸಾದ ನಕ್ಷತ್ರಗಳು. ಬಾಡೆ ಕಂಡದ್ದು ನಿಜ. ಆದರೆ ಅದನ್ನು ಸ್ಥೂಲವಾಗಿ ಓದಿಕೊಂಡವರ ಮನಸ್ಸಿನಲ್ಲಿ ಬೇರೆಯೇ ಒಂದು ಚಿತ್ರ ನೆಲಸಿತು. ಗೆಲಕ್ಸಿಯ ನಡುಭಾಗವೆಂದರೆ ಮಕ್ಕಳೆಲ್ಲ ಪಟ್ಟಣ ಸೇರಿದ ಮೇಲೆ ಮುದುಕರಷ್ಟೇ ಉಳಿದ ಹಳ್ಳಿ, ಅಲ್ಲಿ ಹೊಸ ಹುಟ್ಟಿಲ್ಲ, ಗದ್ದಲವಿಲ್ಲ ಎಂಬ ಚಿತ್ರ ಅದು.

ಇದಕ್ಕೆ ಹೊಂದದ ಸಾಕ್ಷ್ಯ ಆಗಲೇ ಕಡತದಲ್ಲಿತ್ತು. ೧೯೦೮ರಲ್ಲಿ ಎಡ್ವರ್ಡ್ ಫಾತ್ ಎಂಬವನು ಮೆಸ್ಸಿಯೆ ೭೭ ಎಂಬ ಸುರುಳಿಯ ವರ್ಣಪಟಲವನ್ನು ತೆಗೆದಾಗ ಅದರಲ್ಲಿ ಕಾದ ಅನಿಲ ಮಾತ್ರ ಕೊಡಬಲ್ಲ ಉಜ್ವಲ ಗೆರೆಗಳು ಕಂಡಿದ್ದವು. ೧೯೪೩ರಲ್ಲಿ ಕಾರ್ಲ್ ಸೀಫರ್ಟ್ ಅಂತಹ ಆರು ಗೆಲಕ್ಸಿಗಳನ್ನು ಒಟ್ಟಿಗೆ ಅಭ್ಯಾಸ ಮಾಡಿ, ಅವುಗಳ ನಡುವಿನ ಅನಿಲ ಸೆಕೆಂಡಿಗೆ ಸಾವಿರಾರು ಕಿಲೋಮೀಟರು ವೇಗದಲ್ಲಿ ಚಲಿಸುತ್ತಿರಬೇಕೆಂದು ತೋರಿಸಿದನು. ೧೯೬೫ರಲ್ಲಿ ಅರ್ಜೆಂಟೀನದ ಹೋಸೆ ಸೆರ್ಸಿಕ್ ಮತ್ತು ಮಿರಿಯಾನಿ ಪಾಸ್ತೊರಿಸಾ ಇನ್ನೊಂದು ಬಗೆಯ ಗರ್ಭಗಳನ್ನು ಗುರುತಿಸಿದರು. ಅಲ್ಲಿ ಒಂದೇ ಬಿಂದುವಿನ ಬದಲು ಹಲವಾರು ಉಜ್ವಲ ಚುಕ್ಕೆಗಳು ಗುಂಪಾಗಿದ್ದವು, ಮತ್ತು ಅಂತಹವು ನಡುವೆ ಪಟ್ಟಿಯುಳ್ಳ ಸುರುಳಿಗಳಲ್ಲಿ ಹೆಚ್ಚಾಗಿದ್ದವು. ಆ ಚುಕ್ಕೆಗಳು ಈಚೆಗೆ ಹುಟ್ಟಿದ ನಕ್ಷತ್ರಗಳ ಹಿಂಡುಗಳು. ಮುದುಕರ ಹಳ್ಳಿಯೆಂದು ತಿಳಿದಿದ್ದ ಕಡೆ ಓಣಿ ಓಣಿಯಲ್ಲಿ ತೊಟ್ಟಿಲು ಕಟ್ಟಿತ್ತು!

ಇಷ್ಟು ದಿನ ಅದು ಏಕೆ ಕಾಣಲಿಲ್ಲ? ಕಣ್ಣಿಗೆ ಕಾಣುವ ಬೆಳಕನ್ನು ನಡುವಿನ ದೂಳು ತಡೆಯುತ್ತದೆ. ನಕ್ಷತ್ರಗಳ ಹೆರಿಗೆಯಾದರೋ ದೂಳಿನ ಮರೆಯಲ್ಲೇ ನಡೆಯುವುದು. ರೇಡಿಯೋ ಅಲೆಗಳಿಗೂ ಅವಕೆಂಪು ಕಿರಣಗಳಿಗೂ ಆ ಮರೆಯನ್ನು ದಾಟುವ ಶಕ್ತಿಯುಂಟು. ೧೯೫೧ರಲ್ಲಿ ಜಲಜನಕದ ೨೧ ಸೆಂಟಿಮೀಟರಿನ ರೇಡಿಯೋ ಅಲೆ ಸಿಕ್ಕಿತು. ೧೯೭೦ರಲ್ಲಿ ಅಂತರಿಕ್ಷದಲ್ಲಿ ಇಂಗಾಲದ ಮಾನಾಕ್ಸೈಡ್ ಸಿಕ್ಕಿತು. ತಣ್ಣನೆಯ ಜಲಜನಕದ ಅಣುಗಳು ತಾವಾಗಿ ಬಾಯಿ ಬಿಡುವುದಿಲ್ಲ. ಅವುಗಳ ನಡುವೆ ಬೆರೆತಿರುವ ಈ ಮಾನಾಕ್ಸೈಡ್ ಮಾತನಾಡುತ್ತದೆ, ಅದರಿಂದ ಅನಿಲ ಎಲ್ಲಿದೆ, ಎಷ್ಟಿದೆ ಎಂದು ತಿಳಿಯುತ್ತದೆ. ಇತಿಹಾಸದ ವಿದ್ಯಾರ್ಥಿಗೆ ಇದು ಹೊಸ ಪಾಠವೇನಲ್ಲ. ಆಸ್ಥಾನ ಕವಿಯ ಕಾವ್ಯವೊಂದನ್ನೇ ಓದಿದರೆ ರಾಜನ ಕೀರ್ತಿ ತಿಳಿಯುತ್ತದೆ. ಹಳ್ಳಿಯ ಸುಂಕ, ಬರ, ಜಗಳ ತಿಳಿಯಬೇಕಾದರೆ ಶಾಸನವನ್ನೂ ಕಡತವನ್ನೂ ನೋಡಬೇಕು.

ಈಗ ಮುಖ್ಯ ಪ್ರಶ್ನೆ. ಹೊಸ ನಕ್ಷತ್ರ ಹುಟ್ಟಬೇಕಾದರೆ ಅನಿಲ ಬೇಕು. ಗೆಲಕ್ಸಿಯ ಅನಿಲದ ಬಹುಪಾಲು ಹೊರಗಿನ ತಟ್ಟೆಯಲ್ಲಿದೆ. ಅದು ಒಳಗೆ ಬರುವುದು ಹೇಗೆ? ಆಕರ್ಷಣೆಯಿದೆಯಲ್ಲ, ತಾನಾಗಿ ಬೀಳುತ್ತದೆ ಎಂದು ಮೊದಲಿಗೆ ತೋರುತ್ತದೆ. ಹಾಗಾಗುವುದಿಲ್ಲ. ಕಣದಲ್ಲಿ ಮೇಟಿಗೆ ಕಟ್ಟಿದ ಎತ್ತು ದಿನವಿಡೀ ಸುತ್ತಿದರೂ ಮೇಟಿಯನ್ನು ಮುಟ್ಟುವುದಿಲ್ಲ, ತನ್ನ ದಾರಿಯಲ್ಲೇ ಸುತ್ತುತ್ತದೆ. ಅನಿಲವೂ ಹಾಗೆಯೇ. ಸುತ್ತುವ ವಸ್ತು ಸುತ್ತುತ್ತಲೇ ಇರುವಂತೆ ಮಾಡುವ ಗುಣಕ್ಕೆ ಕೋನೀಯ ಸಂವೇಗ ಎಂದು ಹೆಸರು. ಅದನ್ನು ಯಾರಾದರೂ ಕಸಿದುಕೊಳ್ಳುವ ತನಕ ಅನಿಲ ಒಳಗಿಳಿಯಲಾರದು.

ಕಸಿದುಕೊಳ್ಳುವುದು ಯಾವುದು? ಸುರುಳಿಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿಗೆ ನಡುವೆ ಅಡ್ಡಲಾಗಿ ನಕ್ಷತ್ರಗಳದೇ ಒಂದು ಪಟ್ಟಿ ಇರುತ್ತದೆ. ಈ ಪಟ್ಟಿ ಇಡಿಯಾಗಿ ತಿರುಗುತ್ತದೆ. ಅದರ ಹತ್ತಿರ ಬಂದ ಅನಿಲದ ಪ್ರವಾಹಗಳು ಒಂದಕ್ಕೊಂದು ಡಿಕ್ಕಿ ಹೊಡೆದು, ಪಟ್ಟಿಯ ಸೆಳೆತಕ್ಕೆ ಸಿಕ್ಕಿ, ಸುತ್ತುವ ಬಲವನ್ನು ಕಳೆದುಕೊಂಡು ಒಳಕ್ಕೆ ಜಾರುತ್ತವೆ. ಛಾಯಾಚಿತ್ರಗಳಲ್ಲಿ ಪಟ್ಟಿಯ ಉದ್ದಕ್ಕೂ ಕಾಣುವ ಕಪ್ಪು ದೂಳಿನ ಗೆರೆಗಳೇ ಆ ದಾರಿ. ಕಾಲುವೆಯ ನೀರು ತಗ್ಗಿಗೆ ಬಂದು ನಿಲ್ಲುವಂತೆ ಅನಿಲ ಕೇಂದ್ರದ ಸುತ್ತ ಒಂದು ಉಂಗುರವಾಗಿ ನಿಲ್ಲುತ್ತದೆ. ಅಲ್ಲಿ ಒತ್ತೊತ್ತಾಗಿ ಸೇರಿ, ತನ್ನ ತೂಕಕ್ಕೆ ತಾನೇ ಕುಸಿದು, ಒಳಗೆ ಕೋಟಿ ಡಿಗ್ರಿಯಷ್ಟು ಕಾದು, ನಕ್ಷತ್ರಗಳಾಗಿ ಹೊತ್ತಿಕೊಳ್ಳುತ್ತದೆ. ದಕ್ಷಿಣ ಆಕಾಶದ ಎನ್.ಜಿ.ಸಿ. ೧೦೯೭ ಎಂಬ ಗೆಲಕ್ಸಿಯಲ್ಲಿ ಇದು ಸೊಗಸಾಗಿ ಕಾಣುತ್ತದೆ. ಸುಮಾರು ನಾಲ್ಕೂವರೆ ಕೋಟಿ ಜ್ಯೋತಿರ್ವರ್ಷ ದೂರದ ಈ ಸುರುಳಿಯ ಗರ್ಭದಲ್ಲಿ ಸುಮಾರು ೫,೦೦೦ ಜ್ಯೋತಿರ್ವರ್ಷ ಅಡ್ಡಳತೆಯ ಉಂಗುರವೊಂದಿದೆ. ಉಂಗುರದ ತುಂಬ ಮಣಿ ಪೋಣಿಸಿದಂತೆ ಎಳೆಯ ನಕ್ಷತ್ರಗಳ ಹಿಂಡುಗಳು. ನಟ್ಟ ನಡುವೆ ಸುಮಾರು ೧೪ ಕೋಟಿ ಸೂರ್ಯರ ತೂಕದ ಕಪ್ಪು ಕುಳಿ.

ಹೀಗೆ ಹುಟ್ಟು ನಡೆಯುತ್ತಲೇ ಇರುವುದೋ? ಇಲ್ಲ. ಇದನ್ನು ನಾನು ಇಡೀ ವಿಷಯದ ತಿರುಳೆಂದು ತಿಳಿದಿದ್ದೇನೆ. ಹುಟ್ಟುವ ನಕ್ಷತ್ರಗಳಲ್ಲಿ ದೊಡ್ಡವು ಅಲ್ಪಾಯುಗಳು. ಕೆಲವು ದಶಲಕ್ಷ ವರ್ಷಗಳಲ್ಲೇ ಉರಿದು ಸಿಡಿದು ಹೋಗುತ್ತವೆ. ಬದುಕಿರುವಾಗ ಅವು ಬೀಸುವ ಗಾಳಿಯೂ ಸಾಯುವಾಗಿನ ಸಿಡಿತವೂ ಸುತ್ತಲಿನ ಅನಿಲವನ್ನು ಹೊರಕ್ಕೆ ನೂಕುತ್ತವೆ. ೧೭೮೩ರಲ್ಲಿ ಕ್ಯಾರೊಲಿನ್ ಹರ್ಷೆಲ್ ಕಂಡುಹಿಡಿದ ಎನ್.ಜಿ.ಸಿ. ೨೫೩ ಎಂಬ ಗೆಲಕ್ಸಿಯ ನಡುಭಾಗದಲ್ಲಿ ನಕ್ಷತ್ರಗಳ ಹುಟ್ಟು ಬಹು ಬಿರುಸು. ಚಿಲಿ ದೇಶದ ಅಟಕಾಮ ಮರುಭೂಮಿಯಲ್ಲಿ, ೫,೦೦೦ ಮೀಟರು ಎತ್ತರದಲ್ಲಿರುವ ಆಲ್ಮಾ ರೇಡಿಯೋ ದೂರದರ್ಶಕಗಳಿಂದ ನೋಡಿ ೨೦೧೩ರಲ್ಲಿ ಪ್ರಕಟಿಸಿದ ಲೆಕ್ಕವೊಂದಿದೆ. ಅದರ ಪ್ರಕಾರ, ಅಲ್ಲಿ ವರ್ಷಕ್ಕೆ ನಕ್ಷತ್ರಗಳಾಗಿ ಮಾರ್ಪಡುವ ಅನಿಲಕ್ಕಿಂತ ಕಡಿಮೆಯಿಲ್ಲದಷ್ಟು, ಬಹುಶಃ ಅದರ ಮೂರರಷ್ಟು, ಅನಿಲ ಹೊರಕ್ಕೆ ಹಾರಿಹೋಗುತ್ತಿದೆ. ಒಲೆಯನ್ನು ಅತಿಯಾಗಿ ಊದಿದರೆ ಕೆಂಡವೇ ಚೆಲ್ಲಾಪಿಲ್ಲಿಯಾಗುವುದಿಲ್ಲವೆ? ಅದೇ ರೀತಿ. ಕಪ್ಪು ಕುಳಿಗೆ ಅನಿಲ ಬಿದ್ದಾಗಲೂ ಇಂತಹದೇ ಪರಿಣಾಮ. ಬೀಳುವ ಅನಿಲ ಕಾದು ಬೆಳಗಿ, ಹಿಂದೆ ಬರುವ ಅನಿಲವನ್ನು ದೂಡುತ್ತದೆ. ಕೇಂದ್ರವು ಹೊರಗಿನಿಂದ ಉಣ್ಣುತ್ತದೆ, ಉಂಡದ್ದರ ಬಿಸಿಯಿಂದಲೇ ಮುಂದಿನ ತುತ್ತನ್ನು ಚೆಲ್ಲಿಕೊಳ್ಳುತ್ತದೆ, ಆಮೇಲೆ ಹಸಿದು ಕೂರುತ್ತದೆ.

ನಮ್ಮ ಮನೆಯ ಗರ್ಭದ ಕಥೆ ಇನ್ನೂ ವಿಚಿತ್ರ. ಆಕಾಶಗಂಗೆಯ ಕೇಂದ್ರ ನಮ್ಮಿಂದ ಸುಮಾರು ೨೬,೦೦೦ ಜ್ಯೋತಿರ್ವರ್ಷ ದೂರ, ಧನು ರಾಶಿಯ ದಿಕ್ಕಿನಲ್ಲಿದೆ. ಅಲ್ಲಿ ೪೦ ಲಕ್ಷಕ್ಕೂ ಮಿಕ್ಕಿದ ಸೂರ್ಯರ ತೂಕದ ಕಪ್ಪು ಕುಳಿಯಿದೆಯೆಂದು ಅದರ ಸುತ್ತ ಓಡುವ ನಕ್ಷತ್ರಗಳನ್ನು ವರ್ಷಗಟ್ಟಲೆ ಅಳೆದು ತೋರಿಸಿದ ಆಂಡ್ರಿಯಾ ಗೆಜ್ ಮತ್ತು ರೈನ್‌ಹಾರ್ಡ್ ಗೆಂಜಲ್ ೨೦೨೦ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ೨೦೨೨ರ ಮೇ ತಿಂಗಳಲ್ಲಿ ಅದರ ಚಿತ್ರವೂ ಹೊರಬಿತ್ತು. ಅದರ ಸುತ್ತಲ ಪ್ರದೇಶದಲ್ಲಿ ಕೆಲವು ಕೋಟಿ ಸೂರ್ಯರಾಗುವಷ್ಟು ದಟ್ಟವಾದ ಅನಿಲ ತುಂಬಿದೆ. ತೋಳುಗಳಲ್ಲಿ ಅನ್ವಯಿಸುವ ಲೆಕ್ಕವನ್ನೇ ಇಲ್ಲಿಗೂ ಹಾಕಿದರೆ ಹುಟ್ಟಬೇಕಾದ ನಕ್ಷತ್ರಗಳಲ್ಲಿ ಸುಮಾರು ಹತ್ತನೆಯ ಒಂದು ಪಾಲು ಮಾತ್ರ ಹುಟ್ಟುತ್ತಿವೆ. ಕಣಜ ತುಂಬಿದೆ, ಅಡಿಗೆಯಿಲ್ಲ! ಅನಿಲ ಅಲ್ಲಿ ಅತಿಯಾಗಿ ಕದಡಿರುವುದರಿಂದ ಮುದ್ದೆಗಟ್ಟುವುದು ಕಷ್ಟವೆಂದು ಕೆಲವರು ಹೇಳುತ್ತಾರೆ. ಕಾಂತಬಲವನ್ನು ಕೆಲವರು ಹೊಣೆ ಮಾಡುತ್ತಾರೆ. ಇದು ಸರದಿಯ ಲಕ್ಷಣ, ಈಗ ಕೂಡಿಡುವ ಕಾಲ, ಮುಂದೆ ಉರಿಯುವ ಕಾಲ ಬರುತ್ತದೆಂದು ಇನ್ನು ಕೆಲವರು. ೨೦೧೦ರಲ್ಲಿ ಫರ್ಮಿ ಉಪಗ್ರಹದ ವೀಕ್ಷಣೆಗಳಿಂದ ಗೊತ್ತಾದಂತೆ, ಕೇಂದ್ರದ ಮೇಲಕ್ಕೂ ಕೆಳಕ್ಕೂ ಸುಮಾರು ೨೫,೦೦೦ ಜ್ಯೋತಿರ್ವರ್ಷಗಳಷ್ಟು ಚಾಚಿದ ಎರಡು ಭಾರಿ ಗುಳ್ಳೆಗಳಿವೆ. ಹಿಂದೊಮ್ಮೆ ಇಲ್ಲಿ ದೊಡ್ಡ ಉರಿ ಎದ್ದಿತ್ತೆಂಬುದಕ್ಕೆ ಅವು ಗುರುತು. ವ್ಯಾಜ್ಯ ಇನ್ನೂ ತೀರಿಲ್ಲ.

ವಿಷಯ ಇಷ್ಟು. ಇನ್ನು ಆಕ್ಷೇಪಣೆಗಳಿಗೆ ಬರೋಣ. ಸಹಪಾಠಿಗಳ ಬಾಯಲ್ಲಿ ನಾನು ಕೇಳಿರುವುದು ಮೂರು ಬಗೆ.

ಮೊದಲನೆಯದು: “ಇದು ನಮ್ಮ ಕೈಗೆ ಎಟುಕುವುದಲ್ಲ, ಗಣಿತ ಬಲ್ಲವರ ಪಾಡು.” ಇದಕ್ಕೆ ಉತ್ತರವಾಗಿ ಒಬ್ಬ ಉಪಾಧ್ಯಾಯಿನಿಯ ಸಂಗತಿ ಹೇಳುತ್ತೇನೆ. ೨೦೦೭ರ ಜುಲೈ ತಿಂಗಳಲ್ಲಿ ಆಕ್ಸ್‌ಫರ್ಡಿನ ಕೆಲವು ಖಗೋಳಜ್ಞರು ಸುಮಾರು ಹತ್ತು ಲಕ್ಷ ಗೆಲಕ್ಸಿಗಳ ಚಿತ್ರಗಳನ್ನು ಸಾರ್ವಜನಿಕರ ಮುಂದಿಟ್ಟು, “ಇವುಗಳಲ್ಲಿ ಸುರುಳಿ ಯಾವುದು, ಉರುಟು ಯಾವುದು, ನೋಡಿ ಹೇಳಿ” ಎಂದು ಕೇಳಿಕೊಂಡರು. ಅದಕ್ಕೆ ‘ಗೆಲಕ್ಸಿ ಝೂ’ ಎಂದು ಹೆಸರಿಟ್ಟಿದ್ದರು. ಒಂದು ವರ್ಷದೊಳಗೆ ಲಕ್ಷಕ್ಕೂ ಮಿಕ್ಕಿದ ಜನ ಐದು ಕೋಟಿ ಸಲ ಉತ್ತರ ಕೊಟ್ಟರು. ಅವರಲ್ಲಿ ಹಾಲೆಂಡಿನ ಶಾಲಾ ಉಪಾಧ್ಯಾಯಿನಿ ಹ್ಯಾನಿ ವಾನ್ ಆರ್ಕೆಲ್ ಒಬ್ಬರು. ಐ.ಸಿ. ೨೪೯೭ ಎಂಬ ಸುರುಳಿಯ ಪಕ್ಕದಲ್ಲಿ ಒಂದು ವಿಚಿತ್ರ ಕಲೆ ಅವರ ಕಣ್ಣಿಗೆ ಬಿತ್ತು. ಇದೇನೆಂದು ಅವರು ಕೇಳಿದರು. ಬಲ್ಲವರಿಗೂ ಗೊತ್ತಿರಲಿಲ್ಲ. ದೊಡ್ಡ ದೂರದರ್ಶಕಗಳನ್ನು ಅತ್ತ ತಿರುಗಿಸಿ ನೋಡಿದಾಗ, ಅದು ಸುಮಾರು ೬೫ ಕೋಟಿ ಜ್ಯೋತಿರ್ವರ್ಷ ದೂರದಲ್ಲಿ, ನಮ್ಮ ಆಕಾಶಗಂಗೆಯಷ್ಟೇ ದೊಡ್ಡದಾದ ಅನಿಲದ ಮೋಡವೆಂದೂ, ಅದರ ಆಮ್ಲಜನಕ ಹಸಿರಾಗಿ ಬೆಳಗುತ್ತಿದೆಯೆಂದೂ ತಿಳಿಯಿತು. ಬೆಳಗಿಸಿದ ದೀಪ ಯಾವುದು? ಆ ಸುರುಳಿಯ ಗರ್ಭದಲ್ಲಿ ಒಮ್ಮೆ ಉರಿಯುತ್ತಿದ್ದು ಕಳೆದ ಸುಮಾರು ಎರಡು ಲಕ್ಷ ವರ್ಷಗಳೊಳಗೆ ಕುಂದಿಹೋದ ಕಪ್ಪು ಕುಳಿಯ ಬೆಂಕಿ ಎಂಬುದು ಅಭ್ಯಾಸಿಗಳ ನಿರ್ಣಯ. ದೀಪ ಮಂಕಾದರೂ ಅದರ ಹಳೆಯ ಬೆಳಕು ಆ ಮೋಡಕ್ಕೆ ಇನ್ನೂ ತಲಪುತ್ತಿದೆ. ಮುಂದೆ ಹಬಲ್ ದೂರದರ್ಶಕದ ಚಿತ್ರದಲ್ಲಿ, ಗೆಲಕ್ಸಿಯ ಕಡೆಯ ಮಗ್ಗುಲಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತಿರುವುದೂ ಕಂಡಿತು. ಅದಕ್ಕೆ ಇಂದಿಗೂ ‘ಹ್ಯಾನಿಯ ವೂರ್ವೆರ್ಪ್’ ಎಂದೇ ಹೆಸರು. ಡಚ್ ಭಾಷೆಯಲ್ಲಿ ಆ ಪದಕ್ಕೆ ‘ವಸ್ತು’ ಎಂದಷ್ಟೇ ಅರ್ಥ. ಆಕೆ ಗಣಿತ ಮಾಡಿ ಅದನ್ನು ಕಂಡವರಲ್ಲ. ಗಮನವಿಟ್ಟು ನೋಡಿದರು, ಬೇರೆಯಾಗಿ ಕಂಡದ್ದನ್ನು ಬೇರೆಯೆಂದು ಗುರುತಿಸಿದರು, ಕೇಳಲು ನಾಚಲಿಲ್ಲ. ಹಳಗನ್ನಡದ ಪಾಠಾಂತರಗಳನ್ನು ಹೋಲಿಸಿ ನೋಡುವವನಿಗೆ ಬೇಕಾದ ಗುಣಗಳೂ ಇವೇ ತಾನೆ?

ಎರಡನೆಯ ಆಕ್ಷೇಪಣೆ ತದ್ವಿರುದ್ಧವಾದದ್ದು: “ಇದೆಲ್ಲ ನಮ್ಮ ಹಿರಿಯರಿಗೆ ಗೊತ್ತೇ ಇತ್ತು. ಆಕಾಶಗಂಗೆಯ ಕೇಂದ್ರ ಇರುವ ಕಡೆಯ ನಕ್ಷತ್ರಕ್ಕೆ ‘ಮೂಲಾ’ ಎಂದು ಹೆಸರಿಟ್ಟಿಲ್ಲವೆ?” ಮಾತು ಕೇಳಲು ಇಂಪಾಗಿದೆ. ಮೂಲಾ ನಕ್ಷತ್ರ ವೃಶ್ಚಿಕದ ಬಾಲದಲ್ಲಿದೆ, ಕೇಂದ್ರದ ದಿಕ್ಕೂ ಅದರ ಆಸುಪಾಸಿನಲ್ಲೇ ಇದೆ, ನಿಜ. ಆದರೆ ಆ ಕೇಂದ್ರ ದೂಳಿನ ಹಿಂದೆ ಅಡಗಿದೆ, ಬರಿಗಣ್ಣಿಗೆ ಕಾಣುವಂತಹದಲ್ಲ. ೧೯೧೮ರ ಸುಮಾರಿಗೆ ಹಾರ್ಲೋ ಶಾಪ್ಲಿ ಗೋಳಾಕಾರದ ನಕ್ಷತ್ರಗುಚ್ಛಗಳ ಹಂಚಿಕೆಯಿಂದ ಅದರ ದಿಕ್ಕನ್ನು ಲೆಕ್ಕಹಾಕಿದನು. ದೂರವಾಣಿಯ ಗೊರಗೊರ ಶಬ್ದಕ್ಕೆ ಕಾರಣ ಹುಡುಕುತ್ತಿದ್ದ ಕಾರ್ಲ್ ಜಾನ್ಸ್ಕಿ ಆ ಕಡೆಯಿಂದ ರೇಡಿಯೋ ಅಲೆ ಬರುತ್ತಿದೆಯೆಂದು ೧೯೩೩ರಲ್ಲಿ ಪ್ರಕಟಿಸಿದನು. ಹೆಸರೊಂದು ಹೊಂದಿಕೊಂಡ ಮಾತ್ರಕ್ಕೆ ಜ್ಞಾನವಿತ್ತೆಂದು ಹೇಳಿದರೆ, ಶಾಸನದ ಆಧಾರವಿಲ್ಲದೆ ಊರಿನ ಹೆಸರಿನಿಂದಲೇ ರಾಜವಂಶವನ್ನು ಕಟ್ಟಿದಂತಾಗುತ್ತದೆ. ನಮ್ಮ ಅಧ್ಯಾಪಕರು ಅಂತಹ ಉತ್ತರಕ್ಕೆ ಎಷ್ಟು ಅಂಕ ಕೊಡುವರೆಂದು ನಮಗೆಲ್ಲ ಗೊತ್ತಿದೆ! ಚಂದ್ರನ ದಾರಿಯನ್ನು ಇಪ್ಪತ್ತೇಳು ಪಾಲು ಮಾಡಿ ಗುರುತಿಸಿದ ಹಿರಿಯರ ಶ್ರಮ ದೊಡ್ಡದು. ಅವರು ಮಾಡದ ಕೆಲಸದ ಕೀರ್ತಿಯನ್ನು ಹೊರಿಸಿ, ಮಾಡಿದ ಕೆಲಸವನ್ನು ಮರೆಯುವುದು ಗೌರವವಾಗಲಾರದು. ‘ನಮಗೆ ಸೇರಿದ್ದಲ್ಲ’ ಎನ್ನುವವನೂ ‘ನಮ್ಮದೇ ಎಲ್ಲ’ ಎನ್ನುವವನೂ ಕೊನೆಗೆ ಮಾಡುವುದು ಒಂದೇ: ಇಬ್ಬರೂ ಪುಸ್ತಕವನ್ನು ತೆರೆಯುವುದಿಲ್ಲ.

ಮೂರನೆಯದು: “ಪ್ರಥಮ ದರ್ಜೆ ಸಹಾಯಕರ ಪರೀಕ್ಷೆಯಲ್ಲಿ ಇದು ಬರುತ್ತದೆಯೆ?” ಈ ಪ್ರಶ್ನೆಯನ್ನು ನಾನು ಹಾಸ್ಯ ಮಾಡಲಾರೆ. ನಮ್ಮಲ್ಲಿ ಬಹುಮಂದಿ ಮನೆಯ ಭಾರ ಹೊತ್ತು ಬಂದವರು. ಸಂಬಳದ ಚಿಂತೆ ನ್ಯಾಯವಾದದ್ದೇ. ಆದರೆ ಪಂಪನೂ ಸಂಬಳ ತರುವುದಿಲ್ಲ, ಆದರೂ ಓದುತ್ತೇವೆ. ಮನುಷ್ಯನ ಮನಸ್ಸು ಎಷ್ಟು ದೂರ ಹೋಗಬಲ್ಲದೆಂದು ತಿಳಿದಿರಲಿ ಎಂಬುದಕ್ಕಾಗಿ ತಾನೆ ಕಲಾ ಪದವಿ ಎಂಬುದೊಂದಿರುವುದು? ಅದೂ ಅಲ್ಲದೆ, ಈ ಕೆಲಸಗಳು ನಡೆಯುವುದು ಜನರ ತೆರಿಗೆಯ ಹಣದಿಂದ. ಪುಣೆಯ ಬಳಿ ಖೋಡದ್‌ನಲ್ಲಿ ತಲಾ ೪೫ ಮೀಟರು ಅಡ್ಡಳತೆಯ ೩೦ ತಟ್ಟೆಗಳ ರೇಡಿಯೋ ದೂರದರ್ಶಕವಿದೆ. ಅದರಿಂದ, ೮೮೦ ಕೋಟಿ ವರ್ಷಗಳ ಹಿಂದೆ ನಕ್ಷತ್ರಗಳನ್ನು ಹುಟ್ಟಿಸುತ್ತಿದ್ದ ಒಂದು ಗೆಲಕ್ಸಿಯ ಜಲಜನಕದ ಅಲೆಯನ್ನು ಹಿಡಿದ ಸುದ್ದಿ ೨೦೨೩ರ ಆರಂಭದಲ್ಲಿ ಬಂತು. ಆ ಕೆಲಸದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದವರ ಪಾಲೂ ಇತ್ತು. ೨೦೧೫ರ ಸೆಪ್ಟೆಂಬರ್ ೨೮ರಂದು ಹಾರಿದ ಆಸ್ಟ್ರೊಸ್ಯಾಟ್ ಉಪಗ್ರಹದಲ್ಲಿ ಎಳೆಯ ನಕ್ಷತ್ರಗಳ ನೇರಿಳಾತೀತ ಬೆಳಕನ್ನು ಹಿಡಿಯುವ ಯಂತ್ರವೊಂದಿದೆ. ಅದನ್ನು ಜೋಡಿಸಿದ್ದು ನಮ್ಮ ಹೊಸಕೋಟೆಯಲ್ಲಿ. ಅಲ್ಲಿ ಏನು ನಡೆಯುತ್ತದೆಂದು ತಿಳಿಯದ ಪದವೀಧರ ನಾಳೆ ಗುಮಾಸ್ತನಾಗಿ, ಉಪಾಧ್ಯಾಯನಾಗಿ, ಶಾಸಕನಾಗಿ ಅದರ ಬೆಲೆ ಕಟ್ಟುವುದು ಹೇಗೆ?

ಇನ್ನೊಂದು ಮಾತನ್ನು ಕನ್ನಡದ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಹೇಳಬೇಕು. ಬೆಳ್ಳಾವೆ ವೆಂಕಟನಾರಣಪ್ಪನವರೂ ಅವರ ಮಿತ್ರರೂ ೧೯೧೮ರಲ್ಲೇ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ನಡೆಸಿದರು. ನೂರು ವರ್ಷ ಕಳೆದ ಮೇಲೂ ಗೆಲಕ್ಸಿಯ ಗರ್ಭದ ಮಾತೆತ್ತಿದರೆ ಪದಕ್ಕಾಗಿ ತಡಕಾಡಬೇಕಾಗಿದೆ. ಈ ಕೊರತೆಯನ್ನು ಭೌತಶಾಸ್ತ್ರದವರೇ ತುಂಬಲೆಂದು ಕಾಯುವುದು ಸರಿಯಲ್ಲ. ಪದ ಕಟ್ಟುವ ವಿದ್ಯೆ ಇರುವುದು ನಮ್ಮ ತರಗತಿಗಳಲ್ಲಿ. ಮೇಟಿ, ಕಣ, ಕಾಲುವೆ, ಒಲೆ ಇವಿಷ್ಟರಿಂದಲೇ ಅನಿಲದ ಚಲನೆಯನ್ನು ಹೇಳುವುದು ಸಾಧ್ಯವಾಯಿತಲ್ಲ. ನಮ್ಮ ಭಾಷೆಯ ಕಸುವಿನ ಬಗ್ಗೆ ನನಗೆ ಸಂಶಯವಿಲ್ಲ.

ಕೊನೆಯದಾಗಿ ಪೂಜ್ಯ ಅಧ್ಯಾಪಕರಲ್ಲಿಯೂ ಮಿತ್ರರಲ್ಲಿಯೂ ಮೂರು ವಿನಂತಿಗಳು. ಗ್ರಂಥಾಲಯಕ್ಕೆ ಪ್ರತಿ ವರ್ಷ ಕೊಳ್ಳುವ ಪುಸ್ತಕಗಳಲ್ಲಿ ಹತ್ತಾದರೂ ಕನ್ನಡದ ವಿಜ್ಞಾನ ಗ್ರಂಥಗಳಿರಲಿ. ಗೆಲಕ್ಸಿಗಳನ್ನು ನೋಡಿ ವಿಂಗಡಿಸುವ ಆ ಸಾರ್ವಜನಿಕ ಕೆಲಸ ಈಗಲೂ ನಡೆಯುತ್ತಿದೆ. ನಮ್ಮ ಜೇಬಿನಲ್ಲಿರುವ ಮೊಬೈಲೇ ಅದಕ್ಕೆ ಸಾಕು. ತಿಂಗಳಿಗೊಂದು ಸಂಜೆ ಹತ್ತು ಮಂದಿ ಕೂಡಿ ಕುಳಿತರೆ ನಮ್ಮ ಕಾಲೇಜಿನ ಕಣ್ಣೂ ಅದರಲ್ಲಿ ಸೇರುತ್ತದೆ. ಮೂರನೆಯದಾಗಿ, ಮುಂದಿನ ಸಂಚಿಕೆಯಲ್ಲಿ ಅರ್ಥಶಾಸ್ತ್ರದವರೊಬ್ಬರು ಸಾಗರದ ಬಗ್ಗೆಯೋ, ಸಂಸ್ಕೃತದವರೊಬ್ಬರು ಜೀವಕೋಶದ ಬಗ್ಗೆಯೋ ಬರೆಯಲಿ. ನಾನು ಇಲ್ಲಿ ಹೇಳಿರುವುದನ್ನು ಒಪ್ಪದವರಿದ್ದರೆ ಅವರೂ ಬರೆಯಲಿ. ವಾದಕ್ಕೆ ನಾನು ಸಿದ್ಧನಿದ್ದೇನೆ.

— ಅಂತಿಮ ಬಿ.ಎ. ವಿದ್ಯಾರ್ಥಿ, ಇತಿಹಾಸ ವಿಭಾಗ